ಪ್ರೇಮಾನಂದರ ಹೆಸರು ಅಳಿಸದಿರುವ ಬಗ್ಗೆ

ಇಲಾಖಾ ಕಛೇರಿ, ಕುಂದಾಪುರ
ಸಂಖ್ಯೆ: ಜಾ.ತಾ./ಮರುಬಳಕೆ/ನಿಷೇಧ/2009-10
ದಿನಾಂಕ: ವರ್ಗಾವಣೆಯ ಹಿಂದಿನ ಸಂಜೆ

ವಿಷಯ: ಒಮ್ಮೆ ಬರೆದ ಕೋಡ್ ತುಂಡನ್ನು ಜಾಲತಾಣದ ಎಲ್ಲ ಪುಟಗಳಿಗೂ ಬಳಸುವುದನ್ನು ತಡೆಗಟ್ಟುವ ಬಗ್ಗೆ.
ಉಲ್ಲೇಖ: ಗುತ್ತಿಗೆ ಪ್ರೋಗ್ರಾಮರ್ ಯತೀಶ್ ಇವರ ಬಾಯಿಮಾತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಛೇರಿಗಳ ಪುಟಗಳೆಲ್ಲದರ ನೆತ್ತಿಯಲ್ಲಿ 'ಶ್ರೀ ಪ್ರೇಮಾನಂದ, ಅಧಿಕಾರಿ' ಎಂಬ ತಲೆಪಟ್ಟಿ ರಾರಾಜಿಸುತ್ತಿರುವುದು ಸರಿಯಷ್ಟೆ. ಸದರಿ ಮಾನ್ಯರಿಗೆ ವರ್ಗಾವಣೆಯಾಗಿದ್ದು, ನಾಳೆ ಶ್ರೀಮತಿ ಸುಗುಣ ಇವರು ಅಧಿಕಾರ ವಹಿಸಿಕೊಳ್ಳಲಿದ್ದಾರೆ. ತಮ್ಮ ಹೆಸರು ಹೋಗಲು ಎಷ್ಟು ಕಾಲ ಹಿಡಿದೀತೆಂದು ಮಾನ್ಯರು ಸುಮ್ಮನೆ ಎಂಬಂತೆ ವಿಚಾರಿಸಲಾಗಿ, ಯತೀಶ್, "ಎಂತ ಕಾಲ ಸರ್? ಸರ್ವರಗೆ ಇಪ್ಪುದ್ ಒಂದೇ ಫೈಲ್. ಯಾವ್ ಪುಟ ತೆಗದ್ರೂ ಅದ್ನೇ ತಂದ್ ಅಂಟ್ಸತ್ತ್. ಅಲ್ಲ್ ಒಂದ್ ಹೆಸ್ರ್ ಬದ್ಲ್ ಮಾಡ್ರೆ ಶಿರೂರ್ ತನ್ಕ ಎಲ್ಲಾ ಬದ್ಲ್. ನಿಮ್ ಚಾ ಆರುಕ್ ಮುಂಚೆ ಆಯ್ತ್" ಎಂದಿರುತ್ತಾರೆ. ಮಾನ್ಯರ ಚಾ ಅಲ್ಲೇ ಆರಿರುತ್ತದೆ.

ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ಫೈಲನ್ನು ರದ್ದುಪಡಿಸಿ, ಮಾನ್ಯರ ಹೆಸರನ್ನು ಪ್ರತಿ ಪುಟದಲ್ಲೂ ಬೆರಳಿನಿಂದಲೇ ಪ್ರತ್ಯೇಕವಾಗಿ ಟೈಪಿಸತಕ್ಕದ್ದು. ಕಾಪಿ-ಪೇಸ್ಟ್ ಕಂಡುಬಂದಲ್ಲಿ ಕೀಲಿಮಣೆಯ ಸಂಬಂಧಪಟ್ಟ ಕೀಲಿಗಳನ್ನು ಕಿತ್ತು ಕಪಾಟಿನಲ್ಲಿಡಲಾಗುವುದು.

೨. ಒಂದು ಪುಟ ಬಳಸಿದ ತುಂಡನ್ನು ಎಂಜಲೆಂದು ಪರಿಗಣಿಸಲಾಗುವುದು. ಕುಂದಾಪುರದ್ದನ್ನು ಬೈಂದೂರಿಗೆ ಬಡಿಸತಕ್ಕದ್ದಲ್ಲ.

೩. ತುಂಡು ಬೇಕೇಬೇಕಾದಲ್ಲಿ ಬ್ರಹ್ಮಾವರ ಪುಟದವರು ಬಸ್ಸಿನಲ್ಲಿ ಬಂದು ಒಯ್ದು, ಸಂಜೆಯ ಬಸ್ಸಿಗೆ ವಾಪಸು ಕಳಿಸತಕ್ಕದ್ದು. ಅಲ್ಲಿಯವರೆಗೆ ಉಳಿದ ಪುಟಗಳು ಬರಿತಲೆಯಲ್ಲಿ ನಿಲ್ಲತಕ್ಕದ್ದು.

೪. ಹೆಸರು ಅಳಿಸಬಯಸುವ ಅಧಿಕಾರಿಗಳು ಪುಟಕ್ಕೊಂದು ಅರ್ಜಿ ಸಲ್ಲಿಸಿ, ವರ್ಷಕ್ಕೊಂದು ಅಕ್ಷರದಂತೆ ಬಾಲದಿಂದ ಅಳಿಸತಕ್ಕದ್ದು. 'ಶ್ರೀ'ಯನ್ನು ಮುಟ್ಟತಕ್ಕದ್ದಲ್ಲ.

೫. ಮಾನ್ಯರ ಹೆಸರು ಈ ಜಾಲತಾಣ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಮನೆಯ ಗೇಟಿನ ಮೇಲಿರುವುದೂ ಮಾವನವರದ್ದು ಎಂಬುದನ್ನು ಸಿಬ್ಬಂದಿ ಮನಗಾಣತಕ್ಕದ್ದು.

೬. ಈ ಸುತ್ತೋಲೆಯನ್ನು ಜಾಲತಾಣದಲ್ಲಿ ಪ್ರಕಟಿಸತಕ್ಕದ್ದು. ತಲೆಪಟ್ಟಿಯ ಫೈಲಿನಲ್ಲಿರುವ ಹೆಸರೇ ಸಹಿಯ ಜಾಗಕ್ಕೂ ತಾನಾಗಿ ಬರುವುದರಿಂದ, ಪ್ರತ್ಯೇಕ ಸಹಿಯ ಅಗತ್ಯವಿರುವುದಿಲ್ಲ.

(ಪ್ರಕಟಣೆ: ಮರುದಿನ ಬೆಳಿಗ್ಗೆ, ಹೊಸ ಅಧಿಕಾರಿಗಳ ಚಾ ಆರುವ ಮುಂಚೆ)

ಸಹಿ/-
ಶ್ರೀಮತಿ ಸುಗುಣ
ಅಧಿಕಾರಿ

ಪ್ರತಿಗಳು:
ಬೈಂದೂರು ಮತ್ತು ಬ್ರಹ್ಮಾವರ ಕಛೇರಿಗಳಿಗೆ, ಪಾಲನೆಗಾಗಿ.
ಯತೀಶ್ ಇವರಿಗೆ, ಕೀಲಿಗಳ ಸಮೇತ.
ಶ್ರೀ ಪ್ರೇಮಾನಂದ ಇವರಿಗೆ, ಮಾವನವರ ಹೆಸರಿನ ಗೇಟು ವಿಚಾರಿಸಿ ತಲುಪಿಸುವುದು.