ಮುಗ್ಗರಿಸುವ ಕಾರು, ಮುಗಿಯುವ ವಾರಂಟಿ

ಕಷ್ಟ ಬಂದರೆ ನೆಟ್ಟಗೆ ಬರಬೇಕು. ಬಂದೂ ಬಾರದ ಹಾಗೆ, ಕಂಡೂ ಕಾಣದ ಹಾಗೆ ಬರುವ ಕಷ್ಟವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ. ಕಾಲು ಮುರಿದುಕೊಂಡವನನ್ನು ನೋಡಲು ಜನ ಕಿತ್ತಳೆ ಹಣ್ಣು ಹಿಡಿದು ಬರುತ್ತಾರೆ; ‘ಆಗಾಗ ಒಂಥರಾ ಆಗುತ್ತೆ’ ಎನ್ನುವವನಿಗೆ ಯಾರೂ ಒಂದು ಬಾಳೆಹಣ್ಣನ್ನೂ ತರುವುದಿಲ್ಲ. ನನ್ನ ಕಾರಿಗೆ ಆಗಾಗ ಒಂಥರಾ ಆಗುತ್ತಿತ್ತು.

ಮಂಡ್ಯದವನಾದ ನಾನು ವಿಮಾ ಕಚೇರಿಯ ನೌಕರಿ ಹಿಡಿದು ಚೆನ್ನೈ ಸೇರಿ ಬಹಳ ವರ್ಷಗಳಾದವು. ಪೆರುಂಗುಡಿಯ ಮನೆಯಿಂದ ಎಗ್ಮೋರಿನ ಆಫೀಸು ಮುಟ್ಟುವಷ್ಟರಲ್ಲಿ ಕ್ಲಚ್ ತುಳಿದೂ ತುಳಿದೂ ಎಡಗಾಲು ಮರಗಟ್ಟಿ ಹೋಗುತ್ತಿತ್ತು. ಅದಕ್ಕೆ ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಆಟೊಮ್ಯಾಟಿಕ್ ಕಾರು ಕೊಂಡು ಎಡಗಾಲಿಗೆ ಸ್ವಯಂನಿವೃತ್ತಿ ಕೊಟ್ಟೆ. ಬಹುಕಾಲ ಸುಖವಾಗಿತ್ತು. ಆಮೇಲೆ ಶುರುವಾಯಿತು ನೋಡಿ. ಸಿಗ್ನಲ್ ಹಸಿರಾಗುತ್ತದೆ, ನಾನು ಆಕ್ಸಿಲರೇಟರ್ ಒತ್ತುತ್ತೇನೆ, ಕಾರು ಮನೆಯಲ್ಲಿ ಏನನ್ನೋ ಮರೆತು ಬಂದವರ ಹಾಗೆ ಕ್ಷಣಕಾಲ ನಿಂತೇ ಇರುತ್ತದೆ. ಆಮೇಲೆ ಎಡವಿ ಮುಗ್ಗರಿಸಿ ಮುಂದಕ್ಕೆ ಜಿಗಿಯುತ್ತದೆ. ಹಿಂದಿನವನು ಹಾರನ್ ಒತ್ತುತ್ತಾನೆ, ಮುಂದಿನ ಆಟೋದವನು ತಲೆ ಹೊರಗೆ ಹಾಕಿ ನನ್ನ ಕುಲಗೋತ್ರ ವಿಚಾರಿಸುತ್ತಾನೆ. ಇದು ದಿನವೂ ಆಗುವುದಿಲ್ಲ. ಆದಾಗೆಲ್ಲ ಕಾರಿನಲ್ಲಿ ನಾನೊಬ್ಬನೇ ಇರುತ್ತೇನೆ.

ನನ್ನ ಹೆಂಡತಿ ಸುಧಾ ನನಗಿಂತ ಚೆನ್ನಾಗಿ ಕಾರು ಓಡಿಸುತ್ತಾಳೆ. ಈ ಮಾತನ್ನು ಅವಳ ಬಾಯಲ್ಲೇ ಕೇಳಿ ಕೇಳಿ ನಾನೂ ನಂಬಿದ್ದೇನೆ. “ನಂಗೆ ಒಂದು ದಿನಾನೂ ಹಂಗಾಗಿಲ್ವಲ್ಲ ರೀ. ನಿಮ್ಮ ಬಿಪಿ ಒಂದ್ಸಲ ತೋರಿಸ್ಕೊಂಡು ಬನ್ನಿ” ಎಂದಳು. ನನ್ನ ಬಿಪಿಗೂ ಕಾರಿನ ಗೇರಿಗೂ ಏನು ಸಂಬಂಧವೋ ಅವಳಿಗೇ ಗೊತ್ತು. ಆಯುಧಪೂಜೆಯ ಹೊತ್ತಿಗೆ ಕಾರಿನ ವಾರಂಟಿ ಮುಗಿಯುವುದಿತ್ತು. “ಆಮೇಲೆ ಗೇರ್‌ಬಾಕ್ಸ್ ಹಾಕಿಸೋದೂ ಒಂದೇ, ಹೆಣ್ಣುಮಗಳ ಮದುವೆ ಮಾಡೋದೂ ಒಂದೇ” ಎಂದು ಆಫೀಸಿನ ಸಹೋದ್ಯೋಗಿಯೊಬ್ಬರು ಹೆದರಿಸಿಬಿಟ್ಟಿದ್ದರು. ಮಗಳು ಇರುವುದು ಒಬ್ಬಳೇ. ಎರಡು ಮದುವೆಯ ಯೋಗ್ಯತೆ ನನಗಿಲ್ಲ. ಅಷ್ಟರೊಳಗೆ ನನ್ನನ್ನು ಬಿಟ್ಟು ಇನ್ನೊಬ್ಬರ ಕಣ್ಣೆದುರು ಈ ಕಾರು ಒಂದು ಸಲ, ಒಂದೇ ಒಂದು ಸಲ, ಮುಗ್ಗರಿಸಬೇಕಿತ್ತು.

ರಜೆಯಲ್ಲಿದ್ದ ಮಗಳು ನಿಧಿಯನ್ನು ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ದೂರು ಕೇಳುವವರು ಕಲೈಸೆಲ್ವಿ ಎಂಬ ಗಂಭೀರ ಹೆಂಗಸು. ನನ್ನ ತಮಿಳಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದ ಕ್ರಿಯಾಪದದ ಬಾಲ ಕತ್ತರಿಸಿ ‘ದು’ ಅಂಟಿಸಿದರೆ ತಮಿಳಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತದ ಮೇಲೆ ಇಷ್ಟು ವರ್ಷ ತರಕಾರಿ ಕೊಂಡಿದ್ದೇನೆ, ಮನೆ ಬಾಡಿಗೆಗೆ ಹಿಡಿದಿದ್ದೇನೆ. ಹಾಗಾಗಿ ‘ಮುಗ್ಗರಿಸುತ್ತೆ’ಯ ಬಾಲ ಕತ್ತರಿಸಿ, ‘ಗ್ಗ’ವನ್ನು ತಮಿಳಿಗೆ ತಕ್ಕಂತೆ ‘ಕ್ಕ’ ಮಾಡಿ, ಧೈರ್ಯವಾಗಿ, “ಮೇಡಂ, ವಂಡಿ ಮುಕ್ಕುದು” ಎಂದೆ. ಆಕೆ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದರು. “ಮುಕ್ಕುದಾ ಸಾರ್? ಎಪ್ಪೊ? ಕಾಲೈಲಯಾ?” ಬೆಳಿಗ್ಗೆ ಹೊತ್ತಾ ಎಂದು ಕೇಳುತ್ತಿದ್ದಾರೆ. ನಾನು ಉತ್ಸಾಹದಿಂದ, ಹೌದು, ಹೆಚ್ಚಾಗಿ ಬೆಳಿಗ್ಗೆಯೇ, ತುಂಬ ಕಷ್ಟಪಡುತ್ತದೆ, ಆಮೇಲೆ ಒಮ್ಮೆಲೇ ಹೋಗುತ್ತದೆ ಎಂದು ವಿವರಿಸಿದೆ. ಪಕ್ಕದ ಮೇಜಿನವರು ಯಾಕೋ ಎದ್ದು ಹೊರಗೆ ಹೋದರು.

ನಿಧಿ ಕನ್ನಡ ಪೂರ್ತಿ ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ತಮಿಳಿನಲ್ಲೇ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, “ಅಪ್ಪಾ, ಪ್ಲೀಸ್ ಪಾ, ಮುಕ್ಕುದುನ್ನಾ ಬಾತ್‌ರೂಮ್‌ಲ ಮುಕ್ಕುರದು” ಎಂದಳು. ಮಲಬದ್ಧತೆಯವರು ಪಡುವ ಪಾಡಿಗೆ ತಮಿಳಿನಲ್ಲಿ ಆ ಮಾತಂತೆ. ಅಂದಿನಿಂದ ಆ ಸರ್ವಿಸ್ ಸೆಂಟರಿನಲ್ಲಿ ನನಗೆ ವಿಶೇಷ ಗೌರವ. ಕಾವಲಿನವನು ಕೂಡ ಗೇಟು ತೆಗೆಯುತ್ತಾ, ಈಗ ಪರವಾಗಿಲ್ಲವಾ ಸಾರ್ ಎಂದು ಕೇಳುತ್ತಾನೆ. ಕೇಳುವುದು ಕಾರನ್ನೋ ನನ್ನನ್ನೋ ಗೊತ್ತಾಗುವುದಿಲ್ಲ.

ಕಾರನ್ನು ಇಟ್ಟುಕೊಂಡರು, ಓಡಿಸಿ ನೋಡಿದರು, ದೋಷವೇನೂ ಇಲ್ಲವೆಂದು ತೊಳೆದು ಕೊಟ್ಟರು. ಮತ್ತೆ ಹೋದೆ, ಮತ್ತೆ ತೊಳೆದು ಕೊಟ್ಟರು. ಕಡೆಗೆ ಕಲೈಸೆಲ್ವಿಯವರೇ ನನ್ನ ಪಕ್ಕದಲ್ಲಿ ಕೂತು ಹೊರಟರು. ಕಾರು ಬೆಣ್ಣೆಯ ಹಾಗೆ ಜಾರಿತು. ಬೇಕೆಂದೇ ಪ್ರತಿ ಸಿಗ್ನಲ್ಲಿನಲ್ಲೂ ಸಿಕ್ಕಿಹಾಕಿಕೊಂಡೆ. ಪ್ರತಿ ಸಲವೂ ಅದು ಸಂಭಾವಿತರ ಹಾಗೆ ಹೊರಟಿತು. ಆಕೆಯನ್ನು ಇಳಿಸಿ ಮೂಲೆ ತಿರುಗಿದೆ ಅಷ್ಟೇ, ಮುಗ್ಗರಿಸಿತು. ಓಡಿಹೋಗಿ ಆಕೆಯನ್ನು ಮತ್ತೆ ಹತ್ತಿಸಿಕೊಂಡು ಬಂದರೆ ಮತ್ತೆ ಬೆಣ್ಣೆ. ಆಕೆ ಮೆತ್ತಗೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಸಾರ್ ಎಂದು ವಿಚಾರಿಸಿದರು. ನನಗೆ ಅಳುವೇ ಬಂತು.

ಆ ದಿನಗಳಲ್ಲಿ ನನ್ನ ಮನಸ್ಸಿನ ಸ್ಥಿತಿ ವಿಚಿತ್ರವಾಗಿತ್ತು. ಕಾರು ಚೆನ್ನಾಗಿ ಓಡಿದರೆ ಸಂಕಟ, ಮುಗ್ಗರಿಸಿದರೆ ಖುಷಿ, ಖುಷಿಪಟ್ಟು ಪಕ್ಕಕ್ಕೆ ನೋಡಿದರೆ ಖಾಲಿ ಸೀಟು. ಬೀದಿಯ ಕೊನೆಯ ಪಿಳ್ಳೈಯಾರ್, ಅಂದರೆ ನಮ್ಮ ಗಣಪತಿಯ, ಗುಡಿಗೆ ಹೋದೆ. ಕಾರು ಕೊಂಡಾಗ ನಿಂಬೆಹಣ್ಣು ಕೊಟ್ಟ ಅರ್ಚಕರೇ ಇದ್ದರು. ವಾಹನದ ಹೆಸರಿನಲ್ಲಿ ಅರ್ಚನೆ ಎಂದೆ. “ಪ್ರಾರ್ಥನೆ ಎನ್ನ?” ಎಂದರು. ಕೆಡಲಿ ಎಂದು ಹೇಗೆ ಹೇಳಲಿ? ವಿಘ್ನ ನಿವಾರಿಸುವವನ ಎದುರು ನಿಂತು ವಿಘ್ನ ದಯಪಾಲಿಸು ಎಂದು ಕೇಳಿದವನು ನಾನೊಬ್ಬನೇ ಇರಬೇಕು. ಬಾಯಿ ಬರದೆ, ಎಲ್ಲ ಒಳ್ಳೆಯದಾಗಲಿ ಎಂದುಬಿಟ್ಟೆ. ಆ ವಾರವೆಲ್ಲ ಕಾರು ಒಂದು ಸಲವೂ ಮುಗ್ಗರಿಸಲಿಲ್ಲ.

ವಾರಂಟಿ ಇನ್ನೇನು ಮುಗಿಯಬೇಕು, ಕಲೈಸೆಲ್ವಿ ಫೋನ್ ಮಾಡಿ ಸುಧಾಳನ್ನೂ ಕರೆದುಕೊಂಡು ಬರಲು ಹೇಳಿದರು. ಕಂಪನಿಯ ದೊಡ್ಡವರನ್ನು ಕೇಳಿದ್ದರಂತೆ. “ವಂಡಿ, ಓಟ್ರವಂಗ ಕಾಲ ಪಾತ್ತು ಕತ್ತುಕ್ಕುಂ ಸಾರ್” ಎಂದರು. ಓಡಿಸುವವರ ಕಾಲನ್ನು ನೋಡಿ ಈ ಗೇರ್‌ಬಾಕ್ಸ್ ಕಲಿಯುತ್ತದಂತೆ. ನಾನು ಪೆಡಲ್ ಒತ್ತುತ್ತೇನೆ, ಅನುಮಾನ ಬಂದು ಬಿಡುತ್ತೇನೆ, ಮತ್ತೆ ಒತ್ತುತ್ತೇನೆ. ಹೋಗಬೇಕೋ ಬೇಡವೋ ಎಂದು ಅದಕ್ಕೂ ಗೊಂದಲ. ಆಕೆ ಪಕ್ಕದಲ್ಲಿದ್ದಾಗ ಮಾತ್ರ ಅನುಮಾನವಿಲ್ಲದೆ ನೆಟ್ಟಗೆ ಒತ್ತುತ್ತಿದ್ದೆನಂತೆ. ಕಲಿತದ್ದನ್ನೆಲ್ಲ ವಾರಂಟಿಯಲ್ಲೇ ಅಳಿಸಿಕೊಡುತ್ತಾರೆ, ಸ್ವಲ್ಪ ದಿನ ಮೇಡಂ, ಅಂದರೆ ಸುಧಾ, ಓಡಿಸಿ ಒಳ್ಳೆಯ ಅಭ್ಯಾಸ ಕಲಿಸಬೇಕಂತೆ.

“ಇದನ್ನೇ ನಾನು ಮದುವೆಯಾದಾಗಿಂದ ಹೇಳ್ತಿರೋದು ಮೇಡಂ” ಎಂದಳು ಸುಧಾ, ಅಚ್ಚ ಕನ್ನಡದಲ್ಲಿ. ಕಲೈಸೆಲ್ವಿಗೆ ಪೂರ್ತಿ ಅರ್ಥವಾಯಿತು. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ. ಕಬ್ಬಿಣದ ಗೇರ್‌ಬಾಕ್ಸೂ ಕೆಡುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನು ಹೇಳಿದ್ದು ನಿಜವೆಂದಾಯಿತು, ತಪ್ಪು ನನ್ನದೇ ಎಂದೂ ಆಯಿತು. ಗೆದ್ದೆನೋ ಸೋತೆನೋ ತಿಳಿಯದೆ ಕೀಲಿಕೈಯನ್ನು ಅವಳ ಕೈಗೆ ಕೊಟ್ಟೆ.

ಆಯುಧಪೂಜೆ ಕಳೆಯಿತು, ವಾರಂಟಿಯೂ ಮುಗಿಯಿತು. ಮೊನ್ನೆ ಬೆಳಿಗ್ಗೆ ಸುಧಾ ನನ್ನನ್ನು ಆಫೀಸಿಗೆ ಬಿಡಲು ಹೊರಟಿದ್ದಳು. ಸಿಗ್ನಲ್ ಹಸಿರಾಯಿತು. ಅವಳು ಪೆಡಲ್ ಒತ್ತಿದಳು. ಕಾರು ಕ್ಷಣಕಾಲ ನಿಂತು, ಎಡವಿ, ಚೆನ್ನಾಗಿ ಮುಗ್ಗರಿಸಿ ಮುಂದಕ್ಕೆ ಜಿಗಿಯಿತು. ನಾನು ತಟ್ಟನೆ ತಿರುಗಿ ಅವಳ ಮುಖ ನೋಡಿದೆ. ಇಷ್ಟು ತಿಂಗಳು ಕಾದ ಸಾಕ್ಷಿ ಕೊನೆಗೂ ಸಿಕ್ಕಿತ್ತು. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಸ್ವಲ್ಪ ದೂರ ಓಡಿಸಿ, ಶಾಂತವಾಗಿ ಹೇಳಿದಳು: “ನೀವು ಪಕ್ಕದಲ್ಲಿ ಕೂತಿದೀರಲ್ಲ, ಅದಕ್ಕೇ.”

ಈಗ ನಾನು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೇನೆ.