ಸೂಜಿ ಮಾಸ್ಟ್ರಿಗೆ ಸೇರಕ್ಕಿ

ರೋಗಕ್ಕಿಂತ ಮೊದಲು ಔಷಧಿ ಬಂದು ತಲುಪಿದ ಒಂದು ವರ್ಷವನ್ನೂ ನನ್ನ ನೌಕರಿಯಲ್ಲಿ ನಾನು ಕಂಡವನಲ್ಲ. ಐವತ್ತರ ದಶಕದ ಕೊನೆಗೆ ಕಡಬದ ಕಡೆಯ ಹಳ್ಳಿಗಳಲ್ಲಿ ಚುಚ್ಚುಮದ್ದು ಹಾಕುವ ಆರೋಗ್ಯ ಸಹಾಯಕನಾಗಿದ್ದೆ. ಊರವರ ಬಾಯಲ್ಲಿ ಸೂಜಿ ಮಾಸ್ಟ್ರು. ಒಂದು ಆಟಿ ತಿಂಗಳ ಮಳೆಯಲ್ಲಿ ಹೊಳೆಯಾಚೆ ವಾಂತಿಭೇದಿ ಶುರುವಾಗಿ ಇಬ್ಬರು ತೀರಿಯೇ ಹೋದರು. ಅದು ಈಚೆಗೆ ದಾಟುವ ಮೊದಲು ಈಚೆಯವರಿಗೆಲ್ಲ ಮದ್ದು ಹಾಕಬೇಕಿತ್ತು. ಇಷ್ಟೇ ಕೆಲಸ. ಇಷ್ಟೇ ಎಂದುಕೊಂಡದ್ದು ನನ್ನ ಕರ್ಮ.

ಪುಡಿ

ಪುತ್ತೂರಿನ ಕಚೇರಿಗೆ ಓಡಿ ಮದ್ದು ಕೇಳಿದೆ. "ಮದ್ದಿಗೆ ಹಣ ಮಂಜೂರಾಗಿಲ್ಲ. ಸದ್ಯ ಇದನ್ನು ಬಾವಿಗೆ ಹಾಕಿಸಿ ಸುಧಾರಿಸಿ" ಎಂದು ಸಾಹೇಬರು ಅರ್ಧ ಡಬ್ಬ ಬ್ಲೀಚಿಂಗ್ ಪುಡಿ ಕೊಟ್ಟರು. ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದೆ. ಮರುವಾರ ಹೋಗಿ ನೋಡಿದರೆ ಒಂದು ಮನೆಯ ಬಾವಿನೀರಿಗೆ ಪುಡಿಯ ವಾಸನೆಯೇ ಇಲ್ಲ. ಜಗಲಿಯಲ್ಲಿ ಒಣಹಾಕಿದ ಪಂಚೆಗಳು ಮಾತ್ರ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಯಜಮಾನರಿಗೆ ಬಹಳ ಖುಷಿ.

"ಒಳ್ಳೆ ಪುಡಿ ಮಾರಾಯ್ರೆ! ಇನ್ನು ಸ್ವಲ್ಪ ಉಂಟಾ? ಭಾವನ ಶರ್ಟು ಬಾಕಿ ಉಂಟು."

ಸೂಜಿ

ಅಂತೂ ಮದ್ದು ಬಂತು, ಸೂಜಿ ಬರಲಿಲ್ಲ. ನನ್ನಲ್ಲಿದ್ದ ಒಂದೇ ಸೂಜಿ ಕುದಿಸಿ ಕುದಿಸಿ, ಚುಚ್ಚಿ ಚುಚ್ಚಿ ಮೊಂಡಾಗಿತ್ತು. ಹೊಸತು ಕೇಳಿದರೆ ಸಾಹೇಬರು, "ಕಲ್ಲಿಗೆ ಮಸೆದುಕೊಳ್ಳಿ. ಕತ್ತಿ ಮಸೆಯುದಿಲ್ವಾ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಆಯ್ತು ಸಾರ್. ಮಸೆದು ಮೊದಲು ನಿಮಗೇ ಒಂದು ಹಾಕ್ತೇನೆ."

ಮರುದಿನದ ಮೊದಲ ಬಸ್ಸಿಗೇ ಹೊಸ ಸೂಜಿಗಳು ಬಂದವು.

ಅಜ್ಜಿ

ಆ ಊರಿನಲ್ಲಿ ಒಬ್ಬರು ಅಜ್ಜಿ ಇದ್ದರು. ಅವರು ಹೂಂ ಎಂದರೆ ಊರೇ ಹೂಂ. ಮದ್ದಿನ ಪೆಟ್ಟಿಗೆ ಹಿಡಿದು ಮೊದಲು ಅವರ ಅಂಗಳಕ್ಕೇ ಹೋದೆ. ಎಲೆಅಡಿಕೆ ಜಗಿಯುತ್ತ ಕೇಳಿದರು, "ಇದಕ್ಕೆ ನಿಮಗೆ ಎಂತ ಕೊಡ್ಬೇಕು?"

"ಎಂತದೂ ಬೇಡ ಅಜ್ಜಿ. ಸರ್ಕಾರದ್ದು, ಧರ್ಮಕ್ಕೆ."

"ಹಾಗಾದ್ರೆ ಬೇಡ. ಆಟಿಯಲ್ಲಿ ಕಳೆಂಜ ವೇಷದವ ತಾಳೆಗರಿ ಕೊಡೆ ಹಿಡಿದು ಅಂಗಳದಲ್ಲಿ ಕುಣಿದು ಮಾರಿ ಓಡಿಸ್ತಾನೆ. ಅಕ್ಕಿ, ಕಾಯಿ ಕೇಳಿ ತಕೊಂಡು ಹೋಗ್ತಾನೆ. ನೀವು ಕುಣಿಯುದೂ ಇಲ್ಲ, ಕೇಳುದೂ ಇಲ್ಲ. ನಿಮ್ಮ ಮದ್ದಿಗೆ ಯಾವ ಮಾರಿ ಹೆದರ್ತದೆ?"

ಅವರ ಬೆನ್ನ ಹಿಂದಿನಿಂದ ಮೊಮ್ಮಕ್ಕಳು ಇಣುಕುತ್ತಿದ್ದರು. ಹೊಳೆಯಾಚೆ ತೀರಿಹೋದವರಲ್ಲಿ ಒಂದು ಅಷ್ಟೇ ಪ್ರಾಯದ ಮಗು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಕೊಡಿ ಅಜ್ಜಿ, ಅಕ್ಕಿಯೇ ಕೊಡಿ!" ಎಂದು ಚೀಲದ ಬಾಯಿ ಬಿಡಿಸಿ ಹಿಡಿದೆ.

ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಬಿತ್ತು. ಆಮೇಲೆ ಅಜ್ಜಿಯೇ ಮೊದಲು ತೋಳು ಚಾಚಿದರು. ಹಿಂದೆಯೇ ಇಡೀ ಊರು ಬಂತು, ಅಕ್ಕಿ ಸಮೇತ. ಸಂಜೆ ಮದ್ದಿನ ಪೆಟ್ಟಿಗೆ ಖಾಲಿ, ಹೆಗಲ ಮೇಲೆ ಮೂಟೆ. ಬಸ್ಸಿನ ಕಂಡಕ್ಟರ್ ಕೇಳಿದ, "ಈಗ ಸಂಬಳ ಅಕ್ಕಿಯಲ್ಲೇ ಕೊಡುದಾ ಮಾಸ್ಟ್ರೆ?"

ಮರುವರ್ಷ

ಈಚೆ ಒಬ್ಬರಿಗೂ ರೋಗ ತಗಲಲಿಲ್ಲ. ಆ ಹೆಮ್ಮೆಯಲ್ಲಿ ಮುಂದಿನ ಆಟಿಗೆ ಮದ್ದು ಕೇಳಲು ಹೋದೆ. "ಅಲ್ಲಿ ರೋಗವೇ ಇಲ್ಲವಲ್ಲ, ಮದ್ದು ಯಾಕೆ? ರೋಗ ಬಂದರೆ ನೋಡುವ" ಎಂದರು ಸಾಹೇಬರು. 

ನೀರು ಕುದಿಸಿ ಕುಡಿಯಿರಿ ಎಂದಾದರೂ ಹೇಳಿ ಬರೋಣವೆಂದು ಪೆಟ್ಟಿಗೆಯಿಲ್ಲದೆ, ಕೊಡೆಯೊಂದನ್ನೇ ಹಿಡಿದು ಮಳೆಯಲ್ಲಿ ಹೊರಟೆ. ನನ್ನನ್ನು ಕಂಡದ್ದೇ ಅಜ್ಜಿ ಗೆರಸೆಯಲ್ಲಿ ಅಕ್ಕಿ, ಕಾಯಿ ತಂದಿಟ್ಟರು. ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂಗಿತೋಳು ಮಡಚಿಸಿದರು.

"ಈ ವರ್ಷ ಮದ್ದು ಬರ್ಲಿಲ್ಲ ಅಜ್ಜಿ" ಎಂದೆ. 

ಅಜ್ಜಿ ಗೆರಸೆ ನೋಡಿದರು, ನನ್ನನ್ನು ನೋಡಿದರು.

"ತಂದಿಟ್ಟದ್ದನ್ನು ಇನ್ನು ಒಳಗೆ ಕೊಂಡುಹೋಗ್ಲಿಕ್ಕಿಲ್ಲ ಮಾಸ್ಟ್ರೆ. ಮದ್ದು ಇಲ್ಲದಿದ್ರೆ ಬೇಡ. ಕೈಯಲ್ಲಿ ಕೊಡೆ ಉಂಟಲ್ಲ, ನೀವೇ ಒಂದು ಸುತ್ತು ಕುಣಿದು ಹೋಗಿ."