ಡೇಟಾಬೇಸ್‌ನ್ಯಾಗ ಆದ ನನ್ನ ಲಗ್ನ

ನಮ್ಮ ಧಂದೇದಾಗ ನಗೋ ಪ್ರಸಂಗ ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅವೇ ಅಂಗಡಿ ಪತ್ತೆ ಕೇಳ್ಕೋಂತ ಬರ್ತಾವ. ಜತ್ತ ಊರಾಗ ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದ ನನ್ನದೊಂದು ಸಣ್ಣ ಅಂಗಡಿ ಅದ. ಊರ ಮಂದಿಗೆ ವೆಬ್‌ಸೈಟ್ ಮಾಡಿ ಕೊಡ್ತೀನಿ. ಮಾಹಿತಿ ಎಲ್ಲಾ ಇರೋದು ಎಲ್ಲೋ ದೂರ ಬಾಡಿಗಿ ಹಿಡಿದ ಸರ್ವರ್‌ನ್ಯಾಗ. ಅದರ ಕಂಟ್ರೋಲ್ ಪ್ಯಾನಲ್ಲನ್ನ ಹೋದ ವರ್ಷ ಒಂದು ಎಐ ಏಜೆಂಟ್‌ನ ಕೈಗೆ ಕೊಟ್ಟೆ. ಬಾಯಿಲೆ ಹೇಳಿದಂಗ ಟೈಪ್ ಮಾಡಿದ್ರ ಸಾಕು, ಒಳಗ ಹೊಕ್ಕು ತಾನೇ ಡೇಟಾಬೇಸ್ ಮಾಡ್ತದ. ಮಾಡೋಕಿಂತ ಮೊದಲು ಮಾತ್ರ ಉದ್ದನ್ನ ಪತ್ರಾ ಬರದು ‘ಮಾಡಲೇ?’ ಅಂತ ಕೇಳ್ತದ. ಇಷ್ಟು ಮರ್ಯಾದಿಲೆ ಕೇಳಿದವ್ರಿಗೆ ಒಲ್ಲೆ ಅನ್ನೋದು ನಮ್ಮ ಮನಿತನದಾಗ ಇಲ್ಲ. ಓದಲಾರದ ‘ಹ್ಞೂಂ’ ಒತ್ತಿಬಿಡ್ತಿದ್ದೆ.

೧. ಅವಂದೊಂದು ಅರ್ಜಿ

ನಮ್ಮವ್ವನ ತಂಗಿ, ಮಾವಶಿ, ವಧು-ವರ ಕೇಂದ್ರ ನಡಸ್ತಾಳ. ಒಂದಿನ ಅರ್ಜಿಗಳ ಗಂಟು ತಂದು ಮೇಜಿನ ಮ್ಯಾಲೆ ಒಗದ್ಲು. “ತಮ್ಮಾ, ಇವನ್ನೆಲ್ಲಾ ಕಂಪ್ಯೂಟರಿಗೆ ಏರಸು. ಮೂವತ್ನಾಕು ಮುಗಿದ್ವು ನಿನಗ. ಕೆಲಸಾ ಚಲೋ ಆದ್ರ ಮೊದಲನೇ ಹುಡುಗಿ ನಿನಗ ನೋಡ್ತೀನಿ” ಅಂದ್ಲು. ನಾ ನೆಟ್ಟಗ ಕುಂತೆ.

ಪರದೆ ಮ್ಯಾಲೆ ಅಕ್ಷರ ತಾವೇ ಮೂಡೋದು ನೋಡಿ, “ಯಾರು ಬರ್ಯಾಕತ್ತಾರ?” ಅಂದ್ಲು.

“ಏಜೆಂಟ್, ಮಾವಶಿ.”

“ಗುಟ್ಕಾ ತಿಂತಾನೇನು?”

“ಇಲ್ಲ.”

“ಎದುರು ಮಾತಾಡ್ತಾನೇನು?”

“ಇಲ್ಲ.”

ಚೀಲದಾಗಿಂದ ಖಾಲಿ ಅರ್ಜಿ ತಗದು ನನ್ನ ಮುಂದ ಇಟ್ಲು. “ಇವಂದ ಮೊದಲು ತುಂಬು. ನಿನ್ನಕಿಂತ ಲಗೂನ ಹೋಗ್ತಾನ.”

೨. ಒಂದ ಮಾತಿಗೆ ತಿಳೀತು

ಮಾವಶಿದು ಒಂದು ಕಟ್ಟಳೆ. “ಹುಡುಗ್ರು ಒಂದ ಕಡೆ, ಹುಡಿಗ್ಯಾರು ಒಂದ ಕಡೆ. ಲಗ್ನದ ಮೊದಲು ಒಂದ ಮನ್ಯಾಗ ಇಡಬ್ಯಾಡ.” ನಾ ಹಂಗ ಟೈಪ್ ಮಾಡಿದೆ. ಏಜೆಂಟ್ ಪತ್ರಾ ಬರೀತು, ನಾ ‘ಹ್ಞೂಂ’ ಅಂದೆ. ಎರಡು ಡೇಟಾಬೇಸ್ ಆದ್ವು. ಯಳವಿ, ವಳಸಂಗ, ಅಸಂಗಿ, ಎಲ್ಲಾ ಊರಿನ ಅರ್ಜಿ ತುಂಬಿ ‘ಜೋಡಿ ಹುಡುಕು’ ಒತ್ತಿದ್ರ ಒಂದೂ ಜೋಡಿ ಬರವಲ್ದು. ಎಂಟ ದಿನಾ ಒತ್ತಿದ್ವಿ. ಮಾವಶಿ ಮಾರಿ ಸಣ್ಣದಾತು. ನನಗೂ ಚಿಂತಿ ಹತ್ತಿತು, ಯಾಕಂದ್ರ ಮೊದಲನೇ ಹುಡುಗಿ ನನಗ ನೋಡೋದಿತ್ತಲ್ಲ.

ಏಜೆಂಟ್‌ನ ಕೇಳಿದೆ. “ಹುಡುಗರ ಡೇಟಾಬೇಸಿಗೆ ಹುಡುಗಿಯರ ಕಡೆ ನೋಡಲು ಪರವಾನಗಿ ಇಲ್ಲ. ತಾವೇ ಒಪ್ಪಿದ್ದೀರಿ” ಅಂತ ಬರೀತು.

ನನಗ ಮೈಯೆಲ್ಲಾ ಉರೀತು. ಮಾವಶಿ ಮಾರಿ ಮಾತ್ರ ಅರಳಿತು. “ಊರ ಹುಡುಗ್ರಿಗೆ ಇಷ್ಟು ವರ್ಷ ಹೇಳಿದ್ರೂ ತಿಳೀಲಿಲ್ಲ, ಇದಕ್ಕ ಒಂದ ಮಾತಿಗೆ ತಿಳೀತು ನೋಡು.”

೩. ಅವ್ವನ ಆಸೆ

ಹುಡುಗ್ರಿಗೆ ಆ ಕಡೆ ನೋಡೋ ಪರವಾನಗಿ ಕೊಡಿಸಿದ ಮ್ಯಾಲೆ ಜೋಡಿ ಬರಾಕ ಹತ್ತಿದ್ವು. ನನ್ನದು ಮಾತ್ರ ಇಲ್ಲ.

ನಮ್ಮ ಮನಿತನದಾಗ ಹಿರೇ ಮಗನಿಗೆ ಅಜ್ಜನ ಹೆಸರ ಇಡೋ ಪದ್ಧತಿ. ಹಿಂಗಾಗಿ ದೊಡ್ಡಪ್ಪನ ಮಗಂದೂ ನಂದೂ ಒಂದ ಹೆಸರು, ಒಂದ ಅಡ್ಡಹೆಸರು, ಒಂದ ಊರು. ಅರ್ಜ್ಯಾಗ ಮಾವಶಿ ಅಪ್ಪನ ಹೆಸರು ಬರ್ಯಂಗಿಲ್ಲ. “ಯಾರ ಮಗಾ ಯಾರಂತ ನನಗ ಗೊತ್ತಿಲ್ಲೇನು?” ಅಂತಾಳ. ಏಜೆಂಟ್‌ಗೆ ಗೊತ್ತಿರಲಿಲ್ಲ. “ಒಬ್ಬನೇ ವ್ಯಕ್ತಿಯ ಎರಡು ಅರ್ಜಿಗಳಿವೆ, ಕೂಡಿಸಲೇ?” ಅಂತ ಕೇಳಿತ್ತು. ನಾ ‘ಹ್ಞೂಂ’ ಅಂದಿದ್ದೆ. ಬ್ಯಾಸಗ್ಯಾಗ ದೊಡ್ಡಪ್ಪನ ಮಗನ ಲಗ್ನ ಆತು. ಅವನ ಹೆಸರಿನ ಮುಂದ ‘ಲಗ್ನ ಆಗೇದ’ ಅಂತ ಮಾವಶಿ ಬರಸಿದ್ಲು.

ದಸರಾ ಬಂತು. ಕನ್ನಡಿ ಮುಂದ ನಿಂತು ನನ್ನಾಗ ಏನ ಕಡಿಮಿ ಅದ ಅಂತ ನೋಡ್ಕೋತಿದ್ದೆ. ಖರೇ ಹೇಳ್ತೀನಿ, ಭಾಳ ನೋವಾಗಿತ್ತು. ಕಡೀಕ ಮಾವಶಿ ತಾನೇ ಯಳವಿಯ ಒಂದು ಮನಿಗೆ ನನ್ನ ಫೋಟೋ ಕಳಿಸಿದ್ಲು. ಹುಡುಗಿ ಅಪ್ಪ ಕೇಂದ್ರದ ಸೈಟ್ ತಗದು ನೋಡಿ ಫೋನ್ ಮಾಡಿದ್ರು. “ಲಗ್ನ ಆಗಿ ಐದು ತಿಂಗಳಾಗೇದ, ಮತ್ತ ನನ್ನ ಮಗಳನ್ನ ಕೇಳ್ತೀರಿ? ನಾಚಿಕಿ ಬರಂಗಿಲ್ಲೇನ್ರಿ?”

ಪಕ್ಕದಾಗ ಅವ್ವ ಎಲ್ಲಾ ಕೇಳಿಸ್ಕೊಂಡ್ಲು. ಅಕಿ ಮಾರ್ಯಾಗ ಸಿಟ್ಟಿರಲಿಲ್ಲ. “ಆದದ್ದ ಆತು ಬಿಡಪ್ಪಾ. ಹುಡುಗಿನ್ನ ಮನಿಗೆ ಕರಕೊಂಡ ಬಾ” ಅಂದ್ಲು.

೪. ಬೀಗರ ಊಟ

ಕೂಡಿಸಿದ್ದು ಗೊತ್ತಾಗಿ, ಸಿಟ್ಟಿನ್ಯಾಗ ಎರಡೂ ಅರ್ಜಿ ಬ್ಯಾರೆ ಮಾಡಿಸಿ, ನನ್ನ ಹೆಸರು ತೋರಿಸಿ ಏಜೆಂಟ್‌ಗೆ ಹೇಳಿದೆ: “ಇನ್ನ ಮುಂದ ಯಾರ ಬಂದು ಏನ ಹೇಳಿದ್ರೂ ಈ ಮನುಷ್ಯಾನ ಲಗ್ನ ಆಗೇದ ಅಂತ ಬರೀಬ್ಯಾಡ.” ಅದು ಮತ್ತ ಉದ್ದನ್ನ ಪತ್ರಾ ಬರೀತು. ನಾ ಮತ್ತ ‘ಹ್ಞೂಂ’ ಒತ್ತಿದೆ.

ಮಾವಶಿನ್ನ ಕರಕೊಂಡು ಯಳವಿಗೆ ಹೋಗಿ, ನಡೆದದ್ದೆಲ್ಲಾ ಕೈ ಮುಗದು ಹೇಳಿದೆ. ಹುಡುಗಿ ಹೊರಗ ಬಂದು ನಗಾಕ ಹತ್ತಿದ್ಲು. “ಕೂಡಿಸ್ಲೇನು ಅಂತ ಅದು ಕೇಳಿತ್ತಲ್ರಿ, ನೀವು ಓದ್ಲಿಲ್ಲೇನ್ರಿ?”

“ಇಲ್ರಿ” ಅಂದೆ.

“ಖರೇ ಹೇಳೋ ಮನುಷ್ಯಾ ಅದಾರಪ್ಪಾ” ಅಂದ್ಲು ಅಪ್ಪಗ. ಆಮ್ಯಾಲೆ ನನ್ನ ಕಡೆ ತಿರುಗಿ, “ನನ್ನ ಲಗ್ನ ಆಗ್ತೀರೇನ್ರಿ?” ಅಂದ್ಲು. ನಾ ‘ಹ್ಞೂಂ’ ಅಂದೆ. ಮುಂದಿನ ತಿಂಗಳ ಲಗ್ನ ಆತು.

ಬೀಗರ ಊಟದ ದಿನ ಮಾವಶಿ ಖುಷಿಲೆ ನನ್ನ ಹೆಸರಿನ ಮುಂದ ‘ಲಗ್ನ ಆಗೇದ’ ಬರಸಾಕ ಹೋದ್ಲು. “ಕ್ಷಮಿಸಿ. ಯಾರು ಹೇಳಿದರೂ ಹಾಗೆ ಬರೆಯಬಾರದೆಂದು ಮಾಲಕರ ಆದೇಶವಿದೆ” ಅಂತು ಏಜೆಂಟ್. ನಾ ಬೀಗರ ಪಂಕ್ತಿಗೆ ಹೋಳಿಗಿ ಬಡಸಾಕತ್ತಿದ್ದೆ. ಅಷ್ಟರಾಗ ನನ್ನ ಫೋನ್ ರಿಂಗಾತು. ಹೆಂಡತಿ ಎತ್ತಿ ಸ್ಪೀಕರ್‌ಗೆ ಹಾಕಿದ್ಲು.

“ನಾವು ಅಸಂಗಿಯವ್ರರಿ. ಸೈಟ್‌ನ್ಯಾಗ ವರನ ಹೆಸರು ನೋಡಿದ್ವಿ. ಹುಡುಗ ಹೆಂಗದಾನ್ರಿ?”

ಮಾವನವರ ಕೈಯಾಗಿನ ತುತ್ತು ಅಲ್ಲೇ ನಿಂತಿತು.

“ಭಾಳ ಚಲೋ ಅದಾನ್ರಿ” ಅಂದ್ಲು ಹೆಂಡತಿ. “ಏನ ಕೇಳಿದ್ರೂ ಹಿಂದ ಮುಂದ ನೋಡಲಾರದ ‘ಹ್ಞೂಂ’ ಅಂತಾನ. ಆದ್ರ ನೀವು ತಡಾ ಮಾಡಿದ್ರಿ, ನಾನ ಮೊದಲ ಕೇಳಿಬಿಟ್ಟೀನಿ.”